ಊರಲ್ಲಿ ಕನ್ನಡದವ, ಮೈಸೂರಲ್ಲಿ ಮಲಯಾಳಿ: ಪಿಜಿ ಓದಲು ಹೊರಟ ಗಡಿನಾಡ ಗೆಳೆಯರಿಗೆ



ಡಿಗ್ರಿ ರಿಸಲ್ಟ್ ಬಂದ ಮೇಲೆ ನಮ್ಮ ಮನೆಗಳಲ್ಲಿ ಒಂದೇ ಮಾತು. ಮಂಜೇಶ್ವರದಲ್ಲಿ "ಇನ್ನು ಎಂತ ಮಾಡುದು?" ಅಂತಾರೆ. ಜತ್ತದಲ್ಲಿ "ಮುಂದ ಏನ್ ಮಾಡ್ತಿ?" ಅಂತಾರೆ. ತಾಳವಾಡಿಯಲ್ಲಿ ಅಪ್ಪ ಏನೂ ಕೇಳಲ್ಲ, ಕಾಸು ಎಲ್ಲಿಂದ ತರೋದು ಅಂತ ಲೆಕ್ಕ ಹಾಕ್ತಾ ಕೂತಿರ್ತಾರೆ. ಕೊನೆಗೆ ಒಂದು ಬ್ಯಾಗು, ಒಂದು ಫೈಲು, ಅಮ್ಮ ಕಟ್ಟಿಕೊಟ್ಟ ಬುತ್ತಿ. ಬಸ್ ಹತ್ತಿ ಗಡಿ ದಾಟ್ತೀರಿ. "ಕನ್ನಡದ ನಾಡಿಗೆ ಹೋಗ್ತಿದ್ದೇನೆ, ಅಲ್ಲಿ ನಾನು ಹೊರಗಿನವ ಅಲ್ಲ" ಅನ್ನೋ ಒಂದು ಸಮಾಧಾನ ಮನಸ್ಸಲ್ಲಿ ಇರ್ತದೆ.

ಆ ಸಮಾಧಾನ ಹೆಚ್ಚು ದಿನ ಉಳಿಯೋದಿಲ್ಲ. ವಿಶ್ವವಿದ್ಯಾಲಯದ ಕೌಂಟರಿನಲ್ಲಿ ಫೈಲು ಬಿಚ್ಚಿದ ಕೂಡಲೇ "ನೀವು ಕೇರಳದವರಾ?" ಅನ್ನೋ ಪ್ರಶ್ನೆ ಬರ್ತದೆ. ಹೌದು ಅಂದ್ರೆ ಒಂದು ಕಷ್ಟ, ಅಲ್ಲ ಅಂದ್ರೆ ಇನ್ನೊಂದು ಕಷ್ಟ. ಊರಲ್ಲಿ ನಮ್ಮನ್ನು "ಕನ್ನಡದವರು" ಅಂತ ಬದಿಗಿಟ್ಟರು, ಇಲ್ಲಿ "ಮಲಯಾಳಿ", "ಮರಾಠಿ", "ತಮಿಳಿನವ" ಅಂತ ಬದಿಗಿಡ್ತಾರೆ. ಗಡಿಯಾಚೆ ಓದಲು ಹೋದ ನಮ್ಮವರಲ್ಲಿ ಈ ಅನುಭವ ಆಗದವರು ಬಹಳ ಕಡಿಮೆ.

ಇದನ್ನು ಕೇವಲ ಬೇಜಾರಿನ ಮಾತಾಗಿ ಬಿಡಬಾರದು ಅಂತ ನಮ್ಮ ಅಭಿಪ್ರಾಯ. ಹೊಸ ಊರಿನಲ್ಲಿ ಮೊದಲ ಆರು ತಿಂಗಳು ಒಬ್ಬ ಗಡಿನಾಡ ವಿದ್ಯಾರ್ಥಿ ಹೇಗೆ ಕಳೀತಾನೆ ಅನ್ನೋದರ ಮೇಲೆ ಅವನ ಓದು ಮಾತ್ರ ಅಲ್ಲ, ನಮ್ಮ ತಾಲ್ಲೂಕಿನ ಕನ್ನಡ ಶಾಲೆಯ ಭವಿಷ್ಯವೂ ನಿಂತಿದೆ. ಹೇಗೆ ಅಂತ ಕೊನೆಗೆ ಹೇಳ್ತೇವೆ. ಮೊದಲು ದಿನನಿತ್ಯದ ಕಷ್ಟಗಳನ್ನ ನೋಡೋಣ.

ಫೈಲಿನ ಕಥೆ

ಮೊದಲ ಜಗಳ ಕಾಗದದ್ದು. ನಮ್ಮ ಜಾತಿ ಪತ್ರ, ಆದಾಯ ಪತ್ರ, ವಾಸದ ಪತ್ರ ಎಲ್ಲ ಬರೋದು ಅಕ್ಷಯ ಕೇಂದ್ರದಿಂದ, ಸೇತು ಕಚೇರಿಯಿಂದ, ಇ-ಸೇವೈಯಿಂದ, ಮೀಸೇವಾದಿಂದ. ಕೊಡೋನು ಕೇರಳದಲ್ಲಿ ವಿಲೇಜ್ ಆಫೀಸರ್, ಅಕ್ಕಲಕೋಟೆಯಲ್ಲಾದ್ರೆ ತಲಾಠಿ, ತಹಶೀಲ್ದಾರ. ಕಾಗದದ ಮೇಲಿನ ಅಕ್ಷರ ಮಲಯಾಳವೋ ಮರಾಠಿಯೋ ತಮಿಳೋ ತೆಲುಗೋ. ಮೈಸೂರಿನ ಗುಮಾಸ್ತರಿಗೆ ಅದನ್ನ ಓದಲಿಕ್ಕೆ ಬರೋದಿಲ್ಲ, ಅದು ಅವರ ತಪ್ಪೂ ಅಲ್ಲ. ಆದರೆ "ಕನ್ನಡದಲ್ಲೋ ಇಂಗ್ಲಿಷಲ್ಲೋ ತನ್ನಿ" ಅಂತ ವಾಪಸ್ ಕಳಿಸಿದ್ರೆ, ಪ್ರವೇಶದ ಕೊನೇ ದಿನದ ಮೊದಲು ಊರಿಗೆ ಹೋಗಿ ಬರಲು ನಮಗೆ ಆಗೋದಿಲ್ಲ.

ಹೆಸರಿನದ್ದು ಇನ್ನೊಂದು ಕಥೆ. ಸೊಲ್ಲಾಪುರದ ಶಾಲೆಯಲ್ಲಿ ಅಡ್ಡಹೆಸರು ಮೊದಲು, ಆಮೇಲೆ ಹುಡುಗನ ಹೆಸರು, ಆಮೇಲೆ ಅಪ್ಪನ ಹೆಸರು. ಕಾಸರಗೋಡಿನಲ್ಲಿ ಇನಿಷಿಯಲ್ ಹೆಸರಿನ ಹಿಂದೆ. ಆಧಾರ್‌ನಲ್ಲಿ ಮತ್ತೊಂದು ರೀತಿ. ಹತ್ತನೇ ಕ್ಲಾಸಿನ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದೇ ಥರ ಇಲ್ಲ ಅಂದ್ರೆ ಸ್ಕಾಲರ್‌ಶಿಪ್ ಅಲ್ಲೇ ನಿಂತುಬಿಡಬಹುದು. ಇದನ್ನ ಊರಲ್ಲಿರುವಾಗಲೇ ಸರಿ ಮಾಡ್ಕೊಳ್ಳಿ. ಟಿಸಿ, ಮೈಗ್ರೇಶನ್ ಸರ್ಟಿಫಿಕೇಟ್, ಬೇರೆ ವಿಶ್ವವಿದ್ಯಾಲಯದಿಂದ ಬಂದವರಿಗೆ ಕೇಳುವ ಎಲಿಜಿಬಿಲಿಟಿ ಸರ್ಟಿಫಿಕೇಟ್, ಈ ಮೂರಕ್ಕೂ ಸಮಯ ಹಿಡೀತದೆ. ಸೀಟು ಸಿಕ್ಕ ಮೇಲೆ ಓಡಾಡೋದಲ್ಲ, ರಿಸಲ್ಟ್ ಬಂದ ವಾರವೇ ಅರ್ಜಿ ಹಾಕ್ಬೇಕು.

ಮೀಸಲಾತಿಯ ವಿಷಯದಲ್ಲಿ ಕಹಿಯಾದರೂ ಗೊತ್ತಿರಬೇಕಾದ ಸಂಗತಿ ಒಂದಿದೆ. ಒಂದು ರಾಜ್ಯದ ಎಸ್‌ಸಿ, ಎಸ್‌ಟಿ ಪ್ರಮಾಣಪತ್ರ ಇಟ್ಟುಕೊಂಡು ಇನ್ನೊಂದು ರಾಜ್ಯದ ಮೀಸಲಾತಿ ಕೇಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1990ರಲ್ಲೇ ಮರ‍್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಹೇಳಿದೆ. ಗಡಿಯ ಈಚೆ ನಾವು, ಆಚೆ ನಮ್ಮ ಚಿಕ್ಕಪ್ಪನ ಮಕ್ಕಳು. ಒಂದೇ ಜಾತಿ, ಒಂದೇ ಕುಲದೇವರು, ಒಂದೇ ಮದುವೆ ಮನೆ. ಆದರೂ ಕರ್ನಾಟಕದ ವಿಶ್ವವಿದ್ಯಾಲಯದಲ್ಲಿ ಅವರದ್ದು ಮೀಸಲು ಸೀಟು, ನಮ್ಮದು ಜನರಲ್. ಇದನ್ನ ತಿಳಿಯದೆ ಮೀಸಲು ಕೋಟಾದಲ್ಲಿ ಅರ್ಜಿ ಹಾಕಿದ್ರೆ ಕೊನೇ ಗಳಿಗೆಯಲ್ಲಿ ಸೀಟೂ ಹೋಗ್ತದೆ, ಫೀಸಿನ ಲೆಕ್ಕವೂ ತಪ್ತದೆ. ಹಾಗಂತ ಎಲ್ಲ ಬಾಗಿಲೂ ಮುಚ್ಚಿಲ್ಲ. ಪರಿಶಿಷ್ಟ ಜಾತಿಯವರಿಗಿರುವ ಕೇಂದ್ರದ ಪೋಸ್ಟ್‌ಮೆಟ್ರಿಕ್ ಸ್ಕಾಲರ್‌ಶಿಪ್ಪನ್ನು ಹೊರರಾಜ್ಯದಲ್ಲಿ ಓದಿದರೂ ನಿಮ್ಮ ಸ್ವಂತ ರಾಜ್ಯವೇ ಕೊಡಬೇಕು, ಅರ್ಜಿಯನ್ನೂ ಅಲ್ಲೇ ಹಾಕ್ಬೇಕು. ಎಷ್ಟೋ ಮಂದಿ ಕರ್ನಾಟಕದ ಪೋರ್ಟಲ್ಲಿನಲ್ಲಿ ಹುಡುಕಿ ಹುಡುಕಿ ಕೈಬಿಡ್ತಾರೆ.

ಇನ್ನು ಗಡಿನಾಡ ಕನ್ನಡಿಗರಿಗೆ ಅಂತಲೇ ಇರುವ ಅವಕಾಶ. ಸಿಇಟಿಯಂಥ ವೃತ್ತಿಪರ ಕೋರ್ಸುಗಳ ಪ್ರವೇಶದಲ್ಲಿ ಗಡಿನಾಡ ಕನ್ನಡಿಗರಿಗೂ ಹೊರನಾಡ ಕನ್ನಡಿಗರಿಗೂ ಬೇರೆ ಬೇರೆ ಅರ್ಹತಾ ಕಲಂಗಳಿವೆ. ಗಡಿನಾಡ ಕಲಂನಲ್ಲಿ ಕಾಸರಗೋಡು, ಹೊಸದುರ್ಗ, ಮಂಜೇಶ್ವರ, ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲ್ಲೂಕುಗಳ ಹೆಸರಿದೆ. ತಾಳವಾಡಿ ಇಲ್ಲ, ಹೊಸೂರು ಇಲ್ಲ. ಆದವಾನಿ, ರಾಯದುರ್ಗ, ಮಡಕಶಿರಾ ಇಲ್ಲ. ಅವರು ಹೊರನಾಡ ಕಲಂ ಹಿಡೀಬೇಕು. ವರನಟ ರಾಜ್‌ಕುಮಾರ್ ಹುಟ್ಟಿದ ಗಾಜನೂರು ಇರೋದು ತಾಳವಾಡಿ ತಾಲ್ಲೂಕಿನಲ್ಲಿ, ಆದರೂ ಆ ಊರಿನ ಮಗು ಈ ಪಟ್ಟಿಯಲ್ಲಿ "ಗಡಿನಾಡು" ಅಲ್ಲ! ಎಂಎ, ಎಂಎಸ್ಸಿಗಾದ್ರೆ ಆಯಾ ವಿಶ್ವವಿದ್ಯಾಲಯದ್ದೇ ನಿಯಮ. ಆದ್ದರಿಂದ ಆ ವರ್ಷದ ಬ್ರೋಷರನ್ನ ಮೊದಲ ಪುಟದಿಂದ ಕೊನೇ ಪುಟದವರೆಗೆ ನೀವೇ ಓದಿ. "ಅಣ್ಣ ಹೇಳಿದ" ಅಂತ ನಂಬಿ ಕೂರಬೇಡಿ.

ಒಂದೇ ಬಸ್ಸು, ಎರಡು ಟಿಕೆಟ್

ನಮ್ಮ ಹೆಣ್ಣುಮಕ್ಕಳಿಗೆ ಮಾತ್ರ ಗೊತ್ತಿರುವ ಒಂದು ಸಂಗತಿ ಹೇಳ್ತೇವೆ. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ. ಆದರೆ ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಬೇಕು. ಹಾಸ್ಟೆಲಿನಿಂದ ಇಬ್ಬರು ಗೆಳತಿಯರು ಒಟ್ಟಿಗೆ ಬಸ್ ಹತ್ತುತ್ತಾರೆ. ಒಬ್ಬಳದು ಪುತ್ತೂರು, ಇನ್ನೊಬ್ಬಳದು ಎಣ್ಮಕಜೆ. ಒಬ್ಬಳಿಗೆ ಶೂನ್ಯ ಟಿಕೆಟ್, ಇನ್ನೊಬ್ಬಳು ಪರ್ಸ್ ತೆಗೀಬೇಕು. ಇಬ್ಬರೂ ಓದಿದ್ದು ಕನ್ನಡ ಮೀಡಿಯಂ, ಇಬ್ಬರ ಮನೆಯ ಮಾತೂ ಒಂದೇ. ಕಂಡಕ್ಟರ್ ನಿಯಮ ಪಾಲಿಸ್ತಾರೆ, ಅವರ ಮೇಲೆ ಸಿಟ್ಟಿಲ್ಲ. ಕೊಡುವ ದುಡ್ಡೂ ದೊಡ್ಡದಲ್ಲ. ಆದರೆ ಇಡೀ ಬಸ್ಸಿನ ಎದುರು "ನಿಮ್ಮದು ಕರ್ನಾಟಕದ್ದಲ್ಲ" ಅನ್ನಿಸಿಕೊಳ್ಳೋದು ಇದೆಯಲ್ಲ, ಅದು ದಿನಾ ಚುಚ್ತದೆ. ಕರ್ನಾಟಕದ ಕಾಲೇಜಿನ ಐಡಿ ಕಾರ್ಡ್ ಇರುವ ಗಡಿನಾಡ ವಿದ್ಯಾರ್ಥಿನಿಯರನ್ನ ಓದು ಮುಗಿಯೋ ತನಕ ಈ ಯೋಜನೆಗೆ ಸೇರಿಸಲು ಎಷ್ಟು ದೊಡ್ಡ ಖರ್ಚು ಆದೀತು? ಈ ಪ್ರಶ್ನೆಯನ್ನ ನಾವು ಕೇಳಲೇಬೇಕು.

ರೂಮು, ಊಟ, ದುಡ್ಡು

ಪಿಜಿ ಓದೋದು, ಪಿಜಿಯಲ್ಲಿ ಇರೋದು. ಎರಡಕ್ಕೂ ಒಂದೇ ಹೆಸರಾದ್ರೂ ಖರ್ಚು ಬೇರೆ ಬೇರೆ. ವಿಶ್ವವಿದ್ಯಾಲಯದ ಹಾಸ್ಟೆಲ್ ಹಂಚಿಕೆ ಆಗೋದು ತಡ, ಕ್ಲಾಸು ಶುರುವಾಗೋದು ಮೊದಲು. ನಡುವಿನ ಒಂದೆರಡು ತಿಂಗಳು ಹೊರಗಿನ ಪಿಜಿಯಲ್ಲಿರಬೇಕು. ಅಡ್ವಾನ್ಸ್ ಕೊಡುವಾಗ ಮೂರು ವಿಷಯ ಕೇಳಿ: ಬಿಡುವಾಗ ಎಷ್ಟು ಹಿಡೀತಾರೆ, ಎಷ್ಟು ದಿನ ಮೊದಲು ಹೇಳ್ಬೇಕು, ರಜೆಗೆ ಊರಿಗೆ ಹೋದ ತಿಂಗಳ ಊಟದ ಲೆಕ್ಕ ಹೇಗೆ. ರಸೀದಿ ಕೇಳಲು ನಾಚಿಕೆ ಬೇಡ. ಕೈಯಲ್ಲಿ ಕೊಡೋದರ ಬದಲು ಯುಪಿಐ ಮಾಡಿದ್ರೆ ಗುರುತಾದ್ರೂ ಉಳೀತದೆ.

ಊಟದ್ದು ಸಣ್ಣ ವಿಷಯ ಅಂತ ಮನೆಯಲ್ಲಿ ಕೂತವರಿಗೆ ಅನಿಸ್ತದೆ. ಕುಚ್ಚಲಕ್ಕಿ ಗಂಜಿ, ಚಟ್ನಿ ಉಂಡು ಬೆಳೆದವನಿಗೆ ಬಿಳಿ ಅನ್ನ ತಿಂದ ಒಂದು ಗಂಟೆಗೇ ಮತ್ತೆ ಹಸಿವು. ಜೋಳದ ರೊಟ್ಟಿಯವನಿಗೆ ಮೂರು ಹೊತ್ತೂ ಅನ್ನ ಅಂದ್ರೆ ಊಟ ಮಾಡಿದ ಹಾಗೇ ಆಗೋದಿಲ್ಲ. ಇದಕ್ಕೆ ನಮ್ಮವರು ಕಂಡುಕೊಂಡ ದಾರಿ ಹಳೇದೇ. ಅಕ್ಕಲಕೋಟೆಯವರು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬರ್ತಾರೆ, ಅದು ವಾರಗಟ್ಟಲೆ ಕೆಡೋದಿಲ್ಲ. ಕಾಸರಗೋಡಿನವರು ಉಪ್ಪಿನಕಾಯಿ, ಹಪ್ಪಳ ತರ್ತಾರೆ. ಒಂದೇ ರೂಮಿನಲ್ಲಿ ಈ ಎರಡೂ ಡಬ್ಬ ಪಕ್ಕಪಕ್ಕ ತೆರೆದಾಗ ಗಡಿನಾಡು ಅಂದ್ರೆ ಏನು ಅಂತ ಅರ್ಥ ಆಗ್ತದೆ. ನಕ್ಷೆಯಲ್ಲಿ ನಾವು ಒಬ್ಬರಿಗೊಬ್ಬರು ಸಿಗೋದೇ ಇಲ್ಲ. ಕಾಸರಗೋಡಿನವ ಜತ್ತದವನನ್ನ ನೋಡೋದು ಮೈಸೂರಿನ ಹಾಸ್ಟೆಲಿನಲ್ಲಿ, ಧಾರವಾಡದ ಮೆಸ್ಸಿನಲ್ಲಿ.

ಹೊಸ ಊರು ಅಂದ್ರೆ ಬೆಂಗಳೂರೇ ಆಗಬೇಕಂತಿಲ್ಲ ಅನ್ನೋದನ್ನೂ ಇಲ್ಲೇ ಹೇಳಿಬಿಡೋಣ. ಬೆಂಗಳೂರಿನ ಬಾಡಿಗೆ ನೋಡಿ ಹೆದರಿ ಓದೇ ಬಿಟ್ಟವರು ನಮ್ಮಲ್ಲಿದ್ದಾರೆ. ರಾಯದುರ್ಗ, ಆದವಾನಿಯವರಿಗೆ ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಇದೆ. ಜತ್ತದ ಹೆಣ್ಣುಮಕ್ಕಳಿಗೆ ವಿಜಯಪುರದಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಕಾಸರಗೋಡಿನವರಿಗೆ ಕೊಣಾಜೆಯ ಮಂಗಳಗಂಗೋತ್ರಿ, ನಾರಾಯಣಪೇಟೆ ಕಡೆಯವರಿಗೆ ರಾಯಚೂರು, ಗೋವಾದವರಿಗೆ ಧಾರವಾಡ. ಅಕ್ಕಲಕೋಟೆಗೆ ಹತ್ತಿರದ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಪ್ರವೇಶ ಸಿಯುಇಟಿ-ಪಿಜಿ ಮೂಲಕ, ದೇಶಕ್ಕೆಲ್ಲ ಒಂದೇ. "ನೀನು ಯಾವ ರಾಜ್ಯದವ" ಅನ್ನೋ ಪ್ರಶ್ನೆಯ ಕಾಟ ಅಲ್ಲಿ ಕಡಿಮೆ, ಎಸ್‌ಸಿ, ಎಸ್‌ಟಿ, ಒಬಿಸಿ ಮೀಸಲಾತಿಯೂ ಕೇಂದ್ರದ ನಿಯಮದಂತೆ ಸಿಗ್ತದೆ. ನಮ್ಮಂಥವರಿಗೆ ಇದು ಒಳ್ಳೆಯ ದಾರಿ, ಆದ್ರೆ ಅರ್ಜಿ ಹಾಕೋ ಸಮಯ ಡಿಗ್ರಿ ರಿಸಲ್ಟಿಗಿಂತ ಬಹಳ ಮೊದಲೇ ಮುಗಿದಿರ್ತದೆ. ಕೊನೇ ವರ್ಷದಲ್ಲಿರುವಾಗಲೇ ಕಣ್ಣಿಡಿ.

"ನಿಂದು ಯಾವ ಕನ್ನಡ?"

ಕ್ಲಾಸಿನೊಳಗಿನ ಕಷ್ಟ ಬೇರೆ. ಕಾಸರಗೋಡಿನ ಹುಡುಗಿ ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಆಡಿ, ಶಾಲೆಯಲ್ಲಿ ಪುಸ್ತಕದ ಕನ್ನಡ ಕಲ್ತವಳು. ಅವಳು ಬಾಯಿ ಬಿಟ್ರೆ "ಯಕ್ಷಗಾನದ ಹಾಗೆ ಮಾತಾಡ್ತೀಯ" ಅಂತ ನಗ್ತಾರೆ. ಸೊಲ್ಲಾಪುರದ ಹುಡುಗ "ಹೌದ್ರೀ" ಅನ್ನೋಷ್ಟರಲ್ಲಿ ಒಂದು ಮರಾಠಿ ಶಬ್ದ ನುಸುಳಿದ್ರೆ "ಇವನು ಮರಾಠಿ" ಅಂತ ಹಣೆಪಟ್ಟಿ. ಮಡಕಶಿರಾದವನ ಮಾತಿನ ತೆಲುಗು ಎಳೆತಕ್ಕೂ ನಗು. ನಗೋವರಲ್ಲಿ ಕೆಟ್ಟ ಮನಸ್ಸು ಇರ್ಲಿಕ್ಕಿಲ್ಲ, ಆದ್ರೆ ಮೊದಲ ತಿಂಗಳು ಒಮ್ಮೆ ನಕ್ಕರೆ ಸಾಕು, ನಮ್ಮ ಹುಡುಗರು ಹಿಂದಿನ ಬೆಂಚಿಗೆ ಹೋಗಿ ಸುಮ್ಮನಾಗಿಬಿಡ್ತಾರೆ. ಸೆಮಿನಾರ್ ಬಂದಾಗ ಜ್ವರ ಬರ್ತದೆ.

ಗೆಳೆಯರೇ, ನಾಚಿಕೊಳ್ಳಬೇಡಿ. ಎರಡು ಮೂರು ಭಾಷೆಗಳ ನಡುವೆ ಬೆಳೆದದ್ದು ಕೊರತೆ ಅಲ್ಲ. ಮಲಯಾಳವನ್ನೂ ಮರಾಠಿಯನ್ನೂ ಓದಬಲ್ಲ ಕನ್ನಡ ವಿದ್ಯಾರ್ಥಿಗೆ ಅನುವಾದದಲ್ಲಿ, ತೌಲನಿಕ ಅಧ್ಯಯನದಲ್ಲಿ, ಇತಿಹಾಸದಲ್ಲಿ ಬೇರೆಯವರಿಗಿಲ್ಲದ ದಾರಿ ಇದೆ. ಮಂಜೇಶ್ವರದ ಗೋವಿಂದ ಪೈಗಳು ಹಲವು ಭಾಷೆ ಬಲ್ಲವರಾಗಿದ್ದರಿಂದಲೇ ಅಂಥ ಸಂಶೋಧನೆ ಮಾಡಲು ಸಾಧ್ಯವಾಯ್ತು. ಅವರೂ ಊರು ಬಿಟ್ಟು ಮದ್ರಾಸಿಗೆ ಕಾಲೇಜು ಓದಲು ಹೋದವರೇ. ನಮ್ಮ ಊರಿನ ಶಾಸನ, ಜಾನಪದ, ಸ್ಥಳನಾಮ, ಕನ್ನಡ ಶಾಲೆಗಳ ಇತಿಹಾಸ ಇವನ್ನೆಲ್ಲ ಡಿಸರ್ಟೇಶನ್‌ಗೆ ವಿಷಯ ಮಾಡ್ಕೊಳ್ಳಿ. ಹೊರಗಿನವರು ಬಂದು ಬರೆಯಲಿ ಅಂತ ಕಾಯೋದು ಸಾಕು.

ಓದು ಮುಂದುವರಿಸೋರಿಗೆ ಒಂದು ಮಾತು. ಯುಜಿಸಿ ನೆಟ್‌ನಲ್ಲಿ ಕನ್ನಡವೂ ಒಂದು ವಿಷಯ. ಜೆಆರ್‌ಎಫ್ ಸಿಕ್ಕರೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಮೇಲೆ ನಿಯಮದಂತೆ ಮನೆ ಬಾಡಿಗೆ ಭತ್ಯೆ. 2024ರಿಂದ ನೆಟ್ ಅಂಕವನ್ನೇ ಪಿಎಚ್‌ಡಿ ಪ್ರವೇಶಕ್ಕೂ ಬಳಸ್ತಾರೆ. ಇದಕ್ಕೆ ರಾಜ್ಯದ ವಾಸದ ಪತ್ರ ಬೇಡ. ಎಂಎ ಎರಡನೇ ವರ್ಷದಿಂದಲೇ ತಯಾರಿ ಶುರು ಮಾಡಿದವನಿಗೆ ಕೌಂಟರಿನ ಪ್ರಶ್ನೆಗಳಿಂದ ಬಿಡುಗಡೆ ಸಿಗುವ ದಾರಿ ಇದು.

ವಾಪಸ್ ಬರುವ ದಾರಿ

ಈಗ ಶಾಲೆಯ ವಿಷಯಕ್ಕೆ ಬರೋಣ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಅನುಕೂಲ ಮಾಡಬೇಕು ಅಂತ ಸಂವಿಧಾನದ 350ಎ ವಿಧಿ ಹೇಳ್ತದೆ. ಶಾಲೆಯಲ್ಲಿ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಇದ್ದರೆ ಆ ಭಾಷೆಯ ಶಿಕ್ಷಕರನ್ನ ಕೊಡಬೇಕು ಅನ್ನೋ ಸೂತ್ರ 1949ರಿಂದಲೂ ಇದೆ. ಮಕ್ಕಳಿದ್ದಾರೆ, ಸೂತ್ರ ಇದೆ. ಆದರೂ ಕನ್ನಡ ಬಾರದ ಶಿಕ್ಷಕರು ಕನ್ನಡ ಶಾಲೆಗೆ ಬಂದಾಗ ನಾವು ಬೀದಿಗಿಳಿದು ಧರಣಿ ಕೂರ್ತೇವೆ. ಕೂರಲೇಬೇಕು. ಆದರೆ ಅಧಿಕಾರಿ ಒಂದು ಪ್ರಶ್ನೆ ಕೇಳ್ತಾರೆ: "ಅರ್ಹತೆ ಇರುವ ಕನ್ನಡದವರು ಎಲ್ಲಿದ್ದಾರೆ? ಹೆಸರು ಕೊಡಿ." ಆ ಹೊತ್ತಿಗೆ ನಮ್ಮ ಕೈಯಲ್ಲಿ ಹೆಸರಿರಬೇಕಲ್ಲ?

ಹೆಸರುಗಳು ಇಲ್ಲದೇ ಇಲ್ಲ. ಮಂಗಳೂರಿನಲ್ಲಿ, ಮೈಸೂರಿನಲ್ಲಿ ಎಂಎ, ಬಿಎಡ್ ಮಾಡಿದ ನಮ್ಮವರಿದ್ದಾರೆ. ಆದರೆ ಎಷ್ಟೋ ಮಂದಿಗೆ ವಾಪಸ್ ಬರುವ ಕಾಗದ ಇಲ್ಲ. ಕರ್ನಾಟಕದ ಡಿಗ್ರಿಯನ್ನ ಕೇರಳದ ಪಿಎಸ್‌ಸಿ ಒಪ್ಪಬೇಕಾದ್ರೆ ತತ್ಸಮಾನ ಪ್ರಮಾಣಪತ್ರ ಕೇಳ್ತಾರೆ. ಶಿಕ್ಷಕರ ಅರ್ಹತಾ ಪರೀಕ್ಷೆಯೂ ರಾಜ್ಯಕ್ಕೊಂದು: ಕೇರಳಕ್ಕೆ ಕೆ-ಟೆಟ್, ತಮಿಳುನಾಡಿಗೆ, ಮಹಾರಾಷ್ಟ್ರಕ್ಕೆ, ಆಂಧ್ರಕ್ಕೆ, ತೆಲಂಗಾಣಕ್ಕೆ ಅವರವರದ್ದೇ ಟೆಟ್. ಕರ್ನಾಟಕದ ಟಿಇಟಿ ಪಾಸಾಗಿ ಕೂತವ ಊರಿನ ಶಾಲೆಯ ಹುದ್ದೆ ಕರೆದಾಗ ಅರ್ಜಿಯನ್ನೇ ಹಾಕಲಾಗದೆ ಕೈ ಹಿಸುಕಿಕೊಳ್ತಾನೆ. ಆ ಹುದ್ದೆ ಕನ್ನಡ ಬಾರದವರಿಗೆ ಹೋಗ್ತದೆ. ಐದು ವರ್ಷದಲ್ಲಿ ತರಗತಿಯಲ್ಲಿ ಹತ್ತು ಮಕ್ಕಳೂ ಇರೋದಿಲ್ಲ. ಆಮೇಲೆ ಸೂತ್ರವೂ ನಮ್ಮ ಕಡೆ ಇರೋದಿಲ್ಲ.

ಆದ್ದರಿಂದ ಹೋಗುವ ಕಾಗದದ ಜೊತೆ ವಾಪಸ್ ಬರುವ ಕಾಗದವನ್ನೂ ಈಗಲೇ ಯೋಚಿಸಿ. ಬಿಎಡ್ ಸೇರುವ ಮೊದಲು ನಿಮ್ಮ ರಾಜ್ಯ ಆ ಕೋರ್ಸನ್ನ ಒಪ್ತದಾ ಅಂತ ಲಿಖಿತವಾಗಿ ತಿಳ್ಕೊಳ್ಳಿ. ನಿಮ್ಮ ರಾಜ್ಯದ ಟೆಟ್ ಬರೆದಿಡಿ. ಊರಿನ ಭಾಷೆ ಮರೆತುಬಿಡಬೇಡಿ, ಆ ಕಚೇರಿಗಳಲ್ಲಿ ಕನ್ನಡಿಗರ ಪರ ವಾದ ಮಾಡಲಿಕ್ಕೂ ಮಲಯಾಳ, ಮರಾಠಿ, ತಮಿಳು, ತೆಲುಗು ಬೇಕು. ವೋಟರ್ ಲಿಸ್ಟಿನಲ್ಲಿ ನಿಮ್ಮ ಹೆಸರು ಎಲ್ಲಿರಬೇಕು ಅಂತಲೂ ಯೋಚನೆ ಮಾಡಿ. ಎಲ್ಲರೂ ಊರಿಗೆ ಬನ್ನಿ ಅಂತ ನಾವು ಹೇಳೋದಿಲ್ಲ. ಒಳ್ಳೆ ಕೆಲಸ ಬೆಂಗಳೂರಿನಲ್ಲೋ ಹೊರದೇಶದಲ್ಲೋ ಸಿಕ್ಕರೆ ಸಂತೋಷ. ಆದರೆ ಬರಬೇಕು ಅನಿಸಿದವನಿಗೆ ದಾರಿ ಮುಚ್ಚಿರಬಾರದು.

ಏನು ಮಾಡ್ಬೇಕು?

ಕರ್ನಾಟಕ ಸರ್ಕಾರಕ್ಕೆ ನಮ್ಮ ಬೇಡಿಕೆ ಮೂರೇ. ಒಂದು, ಕಾಸರಗೋಡಿನಿಂದ ತಾಳವಾಡಿ, ಮಡಕಶಿರಾ, ಜಹೀರಾಬಾದ್ ತನಕ ಎಲ್ಲ ಗಡಿ ತಾಲ್ಲೂಕುಗಳಿಗೂ ಅನ್ವಯಿಸುವ ಒಂದೇ "ಗಡಿನಾಡ ಕನ್ನಡಿಗ" ಪ್ರಮಾಣಪತ್ರ, ರಾಜ್ಯದ ಎಲ್ಲ ವಿಶ್ವವಿದ್ಯಾಲಯಗಳೂ ಒಪ್ಪುವಂಥದ್ದು. ಎರಡು, ಪ್ರತಿ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಗಡಿನಾಡ ವಿದ್ಯಾರ್ಥಿಗಳಿಗೆ ಒಂದಷ್ಟು ಸೀಟು, ಓದುವ ಅವಧಿಗೆ ಶಕ್ತಿಯಂಥ ಸೌಲಭ್ಯ. ಮೂರು, ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ ಹಣ ಭವನ ಕಟ್ಟಲು ಮಾತ್ರವಲ್ಲ, ಓದುವ ಮಕ್ಕಳ ಕೈಗೂ ತಲುಪಬೇಕು. ನವೆಂಬರಿನಲ್ಲಿ ನಮ್ಮನ್ನ ವೇದಿಕೆಗೆ ಕರೆದು ಶಾಲು ಹೊದಿಸಿದ್ರೆ ಸಾಲದು, ಜೂನ್ ಜುಲೈಯಲ್ಲಿ ಕೌಂಟರಿನಲ್ಲಿ ನಿಂತಾಗಲೂ ನೆನಪಿರಲಿ.

ಸರ್ಕಾರ ಮಾಡುವ ತನಕ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಈಗಾಗಲೇ ಹೊಸ ಊರಿನಲ್ಲಿ ಓದ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮೊದಲ ವಾರವನ್ನ ಒಮ್ಮೆ ನೆನಪು ಮಾಡ್ಕೊಳ್ಳಿ. ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಒಬ್ಬರು ಬಂದು "ನಾನೂ ಆ ಕಡೆಯವನೇ" ಅಂದಿದ್ರೆ ಎಷ್ಟು ಧೈರ್ಯ ಬರ್ತಿತ್ತು! ಈ ವರ್ಷ ನಿಮ್ಮ ತಾಲ್ಲೂಕಿನಿಂದ ಬರುವ ಒಬ್ಬನಿಗೆ, ಒಬ್ಬಳಿಗೆ ಆ ಮಾತು ನೀವು ಹೇಳಿ. ಎರಡು ರಾತ್ರಿ ರೂಮಿನಲ್ಲಿ ಚಾಪೆ ಹಾಸಿ ಜಾಗ ಕೊಡಿ. ಕೌಂಟರಿಗೆ ಜೊತೆಗೆ ಹೋಗಿ. ನಿಮ್ಮ ಹಳೇ ನೋಟ್ಸ್ ಕೊಡಿ. ಮುಂದಿನ ವರ್ಷ ಅವರೂ ಇನ್ನೊಬ್ಬರಿಗೆ ಇದನ್ನೇ ಮಾಡ್ತಾರೆ.

ಹೊರಡುವ ಗೆಳೆಯರೇ, "ನೀವು ಕೇರಳದವರಾ?" ಅಂತ ಕೇಳಿದ್ರೆ ತಲೆ ತಗ್ಗಿಸಬೇಡಿ, ಸಿಟ್ಟಾಗಲೂಬೇಡಿ. "ಹೌದು, ಕೇರಳದ ಕನ್ನಡಿಗ" ಅನ್ನಿ. "ಮಹಾರಾಷ್ಟ್ರದ ಕನ್ನಡಿಗಳು" ಅನ್ನಿ. ಅದನ್ನೇ ಹತ್ತು ಜನ ಹತ್ತು ಕೌಂಟರಿನಲ್ಲಿ ಹೇಳಿದ್ರೆ ಹನ್ನೊಂದನೆಯವನಿಗೆ ಆ ಪ್ರಶ್ನೆ ಬಾರದೇ ಇರಬಹುದು.

ನಿಮ್ಮ ತಾಲ್ಲೂಕು, ಓದ್ತಿರುವ ಊರು, ಕೋರ್ಸು ಬರೆದು ನಮಗೆ ಮೆಸೇಜ್ ಮಾಡಿ. ಹೊಸದಾಗಿ ಹೊರಟವರನ್ನ ಅಲ್ಲಿರುವ ನಮ್ಮವರ ಜೊತೆ ಸೇರಿಸುವ ಕೆಲಸ ನಾವು ಮಾಡ್ತೇವೆ.